ಮಿಸ್ ಊರಲ್ಲಿ ರಾತ್ರಿ ಒಲೆ ಹಚ್ಚಲ್ವಾ? ಮಂಡ್ಯ ಸೀಮೆಯ ಒಂದು ತರಗತಿಯ ಪ್ರಕರಣ ಅಧ್ಯಯನ

ಶ್ರೀರಂಗಪಟ್ಟಣ ಸೀಮೆಯ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ಪಕ್ಕದ ಕಾಂಪೌಂಡಿನಲ್ಲೇ ಚರ್ಚಿನವರ ಹಾಸ್ಟೆಲ್. ಆರನೇ ಮತ್ತು ಏಳನೇ ತರಗತಿ ಒಟ್ಟಿಗೆ ಕೂತರೆ 31 ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಕಬ್ಬು, ಭತ್ತ, ಒಂದೆರಡು ಹಸು. ನಾಲ್ಕು ಮಕ್ಕಳು ಅದೇ ಸೀಮೆಯ ಕ್ಯಾಥೊಲಿಕ್ ಮನೆಗಳವರು. ಇಂಗ್ಲಿಷ್ ಹೇಳಿಕೊಡಲು ಒಂದು ವರ್ಷಕ್ಕೆ ಬಂದವರು ದಕ್ಷಿಣ ಜರ್ಮನಿಯ ಹೈಲ್‌ಬ್ರಾನ್ ಹತ್ತಿರದ ಹಳ್ಳಿಯ ಮಿಷನರಿ ಟೀಚರ್. ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ಬರೀ ‘ಮಿಸ್’ ಅಂತ.

ಇದು ಯಾವುದೋ ಒಂದು ಶಾಲೆಯ ದಾಖಲೆಯಲ್ಲ. ಇಂಥ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಒಂದೇ ತರಗತಿಗೆ, ಒಬ್ಬರೇ ಟೀಚರಿಗೆ ಕೂಡಿಸಿ, ಶಿಕ್ಷಕರ ಕೈಗೆ ಒದಗಲಿ ಅಂತ ಹೆಣೆದ ಪ್ರಕರಣ. ಅದಕ್ಕೇ ಇಲ್ಲಿ ಶಾಲೆಯ ಹೆಸರಿಲ್ಲ, ಟೀಚರ ಹೆಸರಿಲ್ಲ. ಜರ್ಮನಿಯ ಸಂಗತಿ, ಮಂಡ್ಯದ ಸಂಗತಿ ಮಾತ್ರ ಇದ್ದದ್ದು ಇದ್ದ ಹಾಗೆ.

ಕಣ್ಣಿಗೆ ಬಿದ್ದದ್ದು

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಮುಖ್ಯೋಪಾಧ್ಯಾಯರ (ಎಚ್.ಎಂ.) ಗಮನಕ್ಕೆ ಮೂರು ಸಂಗತಿ ಬಂದವು. ಮಿಸ್ ಊಟದ ಮನೆಗೆ ಬಂದಾಗ ಹಾಸ್ಟೆಲಿನ ಕೆಲವು ಮಕ್ಕಳು ಮುದ್ದೆ ಹಾಕಿಸಿಕೊಳ್ಳಲು ನಾಚುತ್ತಿದ್ದರು. ಅನ್ನವಷ್ಟೇ ಸಾಕು ಅನ್ನುತ್ತಿದ್ದರು. ಕ್ಯಾಥೊಲಿಕ್ ಮನೆಯ ಹುಡುಗನೊಬ್ಬನನ್ನು ಜೊತೆಯವರು “ನಿಮ್ ದೇಶಕ್ಕೆ ಯಾವಾಗ್ಲಾ ಹೋಯ್ತೀಯ?” ಅಂತ ಕೇಳತೊಡಗಿದ್ದರು, ಅವನ ಮನೆಯವರು ತಲೆಮಾರುಗಳಿಂದ ಅದೇ ಊರಿನ ಗದ್ದೆ ಉತ್ತವರು. ಮೂರನೆಯದು, ಒಬ್ಬ ಹುಡುಗಿ ಮನೆಗೆ ಹೋಗಿ “ಮಿಸ್ ಊರಲ್ಲಿ ರಾತ್ರಿ ಹೊತ್ತು ಒಲೇನೇ ಹಚ್ಚಲ್ವಂತೆ ಕಣವ್ವ, ತಣ್ಣಗಿರೋ ಬ್ರೆಡ್ಡೇ ತಿಂದು ಮಲಗ್ತಾರಂತೆ” ಅಂದಿದ್ದಳು. ಮಾರನೆಯ ದಿನ ಅವಳ ತಾಯಿ ಟಿಫಿನ್ ಕ್ಯಾರಿಯರಿನಲ್ಲಿ ಬಿಸಿ ಸಾರು, ಅನ್ನ ಕಳಿಸಿಕೊಟ್ಟರು.

ಒಂದರಲ್ಲಿ ಕೀಳರಿಮೆ, ಇನ್ನೊಂದರಲ್ಲಿ ಜೊತೆಯವನನ್ನೇ ಹೊರಗಿನವನಾಗಿ ನೋಡುವುದು, ಮತ್ತೊಂದರಲ್ಲಿ ಕನಿಕರ. ಮೇಲ್ನೋಟಕ್ಕೆ ಬೇರೆ ಬೇರೆ ಅನ್ನಿಸಿದರೂ ಮೂರಕ್ಕೂ ಬೇರು ಒಂದೇ. ಮಕ್ಕಳಿಗೆ ಕಾಣುವುದು ದೇಶವಲ್ಲ, ಒಬ್ಬ ಮನುಷ್ಯರು ಮತ್ತು ಅವರ ಪೆಟ್ಟಿಗೆ. ಉಳಿದ ದೇಶವನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಕಟ್ಟುವಾಗ ತಮ್ಮಲ್ಲಿ ಇಲ್ಲದ್ದೆಲ್ಲ ಅಲ್ಲಿದೆ, ತಮ್ಮಲ್ಲಿ ಇರುವುದು ಯಾವುದೂ ಅಲ್ಲಿಲ್ಲ ಎಂಬ ಅಳತೆಗೋಲು ಹಿಡಿಯುತ್ತಾರೆ. ಇದನ್ನು ಪಾಠ ಹೇಳಿ ತಿದ್ದಲು ಹೋದರೆ ಆಗುವುದಿಲ್ಲ. ಅಲ್ಲಿನ ಜನರ ಕೆಲಸ, ಕೂಲಿ, ಕಸ, ಒಲೆ ಇವನ್ನು ಮುಂದಿಡಬೇಕು.

ಮೊದಲು ಹಾಳೆ

ಏನನ್ನೂ ತಿದ್ದುವ ಮೊದಲು ಮಕ್ಕಳ ತಲೆಯಲ್ಲಿ ಏನಿದೆ ಅಂತ ತಿಳಿಯಬೇಕು. ಕನ್ನಡ ಸಹಶಿಕ್ಷಕಿ ಒಂದು ಪಿರಿಯಡ್, ಅಂದರೆ 40 ನಿಮಿಷ, ಇದಕ್ಕೆ ಬಿಟ್ಟುಕೊಟ್ಟರು. ಒಬ್ಬೊಬ್ಬರಿಗೆ ಒಂದು ಎ4 ಹಾಳೆ. ಅದನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ ಮಡಚುವುದು. ಎಡಪಟ್ಟಿಯಲ್ಲಿ ‘ನಮ್ಮೂರಲ್ಲಿ ಬೆಳಗ್ಗೆ 6ರಿಂದ ರಾತ್ರಿ 9ರ ತನಕ’, ನಡುವಿನದರಲ್ಲಿ ‘ಮಿಸ್ ಊರಲ್ಲಿ ಅದೇ ಹೊತ್ತಿಗೆ’, ಬಲಪಟ್ಟಿಯಲ್ಲಿ ‘ಇದು ನಿಂಗೆ ಹೆಂಗೆ ಗೊತ್ತು?’ ಬರೆಯಲು ಬಾರದವರು ಚಿತ್ರ ಬಿಡಿಸಬಹುದು. ಹೆಸರು ಬರೆಯುವಂತಿಲ್ಲ. ಇಂಗ್ಲಿಷ್ ಬೇಡ.

ಇದರಲ್ಲಿ ಎಡವುವ ಜಾಗ ಎರಡು. ಮಿಸ್ ಕೋಣೆಯಲ್ಲಿ ಇದ್ದರೆ ಮಕ್ಕಳು ಅವರಿಗೆ ಖುಷಿಯಾಗುವುದನ್ನೇ ಬರೆಯುತ್ತಾರೆ, ಆದ್ದರಿಂದ ಅವರು ಹೊರಗಿರಬೇಕು. ಇನ್ನೊಂದು, ಬಲಪಟ್ಟಿಯನ್ನು ಕೊನೆಗೆ ತುಂಬಿಸಲು ಹೇಳಿದರೆ ಎಲ್ಲರೂ ‘ಟೀವಿ’ ಅಂತ ಒಂದೇ ಪದ ಬರೆದು ಮುಗಿಸುತ್ತಾರೆ. ಒಂದೊಂದು ಸಾಲಿಗೂ ಅಲ್ಲಲ್ಲೇ ಉತ್ತರ ಕೇಳಬೇಕು. ನಿಜಕ್ಕೂ ಕೆಲಸಕ್ಕೆ ಬರುವುದು ಈ ಬಲಪಟ್ಟಿಯೇ.

ನಡುವಿನ ಪಟ್ಟಿಯಲ್ಲಿ ಬಂದದ್ದು: ಬೆಳಗ್ಗೆ ಎದ್ದು ಮಂಜು ತಳ್ಳುತ್ತಾರೆ, ಎಲ್ಲರಿಗೂ ಕಾರು, ಯಾರೂ ಗದ್ದೆಗೆ ಹೋಗಲ್ಲ, ಎಲ್ಲ ಮೆಷಿನ್ನೇ ಮಾಡುತ್ತೆ, ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಬಡವರಿಲ್ಲ, ಜಾತಿ ಇಲ್ಲ, ಅಪ್ಪ ಅವ್ವನನ್ನು ಮಕ್ಕಳು ನೋಡಿಕೊಳ್ಳಲ್ಲ, ಎಲ್ಲರೂ ಎಡಗೈಲಿ ಬರೆಯುತ್ತಾರೆ. ಕೊನೆಯದಕ್ಕೆ ಬಲಪಟ್ಟಿಯಲ್ಲಿ ಇದ್ದ ಉತ್ತರ: ‘ಮಿಸ್ ಬರೀತಾರಲ್ಲ.’ ಆ ಟೀಚರ್ ಎಡಚರು, ಅಷ್ಟೇ. ಅದು ಮೊದಲು ‘ಕ್ರಿಶ್ಚಿಯನ್ನರು ಎಡಗೈಲಿ ಬರೀತಾರೆ’ ಅಂತಾಗಿ, ಆಮೇಲೆ ‘ಜರ್ಮನಿಯವರೆಲ್ಲ’ ಅಂತ ಬೆಳೆದಿತ್ತು. ಒಬ್ಬರ ಕೈ ಒಂದು ಧರ್ಮದ ಕೈಯಾಗಿ, ಧರ್ಮದ ಕೈ ದೇಶದ ಕೈಯಾಗುವ ಈ ಏಣಿ ಮಿಷನರಿ ಟೀಚರುಗಳ ವಿಷಯದಲ್ಲಿ ತಪ್ಪದೆ ಕಾಣಿಸುತ್ತದೆ. ಬೇರೆ ವಿದೇಶಿ ಟೀಚರಿಗೆ ದೇಶದ ಭಾರ ಒಂದೇ. ಇವರ ಹೆಗಲ ಮೇಲೆ ಧರ್ಮದ ಭಾರವೂ ಕೂತಿರುತ್ತದೆ. ಬಳೆ ತೊಡದಿದ್ದರೂ, ತಣ್ಣೀರು ಕುಡಿದರೂ, ಕರ್ಚೀಫಿನಲ್ಲಿ ಜೋರಾಗಿ ಮೂಗು ಸೀನಿದರೂ ಮಕ್ಕಳಿಗೆ ಅದು ಅವರ ದೇವರ ಕಟ್ಟಳೆ. ಜರ್ಮನಿಯಲ್ಲಿ ಹತ್ತು ಜನರ ಮಧ್ಯೆ ಮೂಗು ಸೀನುವುದು ಅಸಭ್ಯವಲ್ಲ, ಸೊರ ಸೊರ ಎಳೆದುಕೊಳ್ಳುವುದೇ ಅಸಭ್ಯ. ನಮ್ಮಲ್ಲಿ ತಿರುವುಮುರುವು.

ಪೆಟ್ಟಿಗೆ

ಮಿಸ್ ಬಂದ ಮೊದಲ ವಾರ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದರು, ಒಬ್ಬೊಬ್ಬರಿಗೆ ಒಂದು ಡಬ್ಬಿ ಬಣ್ಣದ ಪೆನ್ಸಿಲ್ ಕೊಟ್ಟಿದ್ದರು, ಲ್ಯಾಪ್‌ಟಾಪಿನಲ್ಲಿ ಫೋಟೊ ತೋರಿಸಿದ್ದರು. ಹಿಮ ಬಿದ್ದ ಬೀದಿ, ಕ್ರಿಸ್‌ಮಸ್ ಸಂತೆಯ ದೀಪ, ಒಂದು ಕೋಟೆ, ಅಪ್ಪನ ಕಾರಿನ ಮುಂದೆ ನಿಂತ ಮನೆಮಂದಿ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಹಬ್ಬದ ದಿನದ ಫೋಟೊ ನೋಡಿದವರಿಗೆ ವರ್ಷವೆಲ್ಲ ಹಬ್ಬ. ಮೈಸೂರಿನ ದಸರಾ ದೀಪಾಲಂಕಾರದ ನಾಲ್ಕು ಫೋಟೊ ನೋಡಿದ ಜರ್ಮನಿಯ ಮಗು ಮಂಡ್ಯದಲ್ಲಿ ದಿನಾ ರಾತ್ರಿ ಅರಮನೆ ಬೆಳಗುತ್ತೆ ಅಂದುಕೊಂಡರೆ ತಪ್ಪು ಯಾರದು? ಮಕ್ಕಳ ಹಾಳೆಗಳಲ್ಲಿ ಮಂಜು, ಕಾರು, ದೀಪ ಮೂರೂ ನೇರ ಆ ಲ್ಯಾಪ್‌ಟಾಪಿನಿಂದ ಬಂದವು. ಬಲಪಟ್ಟಿಯೇ ಅದನ್ನು ಹೇಳುತ್ತಿತ್ತು.

ಮಿಸ್ ತಮ್ಮ ಮನೆಗೆ ಕಾಗದ ಬರೆದು ಬೇರೆ ಸಾಮಾನು ತರಿಸಿಕೊಂಡರು. ಕಿರಾಣಿ ಅಂಗಡಿಯ ಬಿಲ್ಲು, ಬೇಕರಿಯ ಖಾಲಿ ಬ್ರೆಡ್ ಚೀಲ, ತಮ್ಮನ ಶಾಲೆಯ ವೇಳಾಪಟ್ಟಿ, ಬಸ್ ಟಿಕೆಟ್, ಖಾಲಿ ಬಾಟಲಿ ವಾಪಸು ಕೊಟ್ಟಾಗ ಯಂತ್ರ ಕೊಡುವ ಚೀಟಿ, ಅವರ ಸೀಮೆಯಲ್ಲಿ ಬಾಡಿಗೆ ಮನೆಗಳವರು ಮೆಟ್ಟಿಲು ಗುಡಿಸುವ ಸರದಿ ಬಂದಾಗ ಬಾಗಿಲಿಗೆ ನೇತುಹಾಕುವ ಹಲಗೆಯ ಫೋಟೊ. ಹಲಗೆ ಈ ವಾರ ನಿಮ್ಮ ಬಾಗಿಲಲ್ಲಿ ಇದ್ದರೆ ಮೆಟ್ಟಿಲು, ಓಣಿ, ಮುಂದಿನ ಕಾಲುದಾರಿ ನೀವು ಗುಡಿಸಬೇಕು. ಮುಂದಿನ ವಾರ ಪಕ್ಕದ ಮನೆಯವರು. ಮೆಷಿನ್ನೇ ಎಲ್ಲ ಮಾಡುತ್ತೆ ಅಂದಿದ್ದ ಹುಡುಗ ಈ ಫೋಟೊ ಹಿಡಿದು ಬಹಳ ಹೊತ್ತು ಕೂತಿದ್ದ. “ಗಂಡಸ್ರೂ ಗುಡಿಸ್ತಾರಾ ಮಿಸ್?” ಗುಡಿಸುತ್ತಾರೆ.

ಬಾಟಲಿ ಚೀಟಿಯಿಂದ ಬೇರೆಯೇ ಮಾತು ಹೊರಟಿತು. ಜರ್ಮನಿಯಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಡಬ್ಬಕ್ಕೆ 25 ಸೆಂಟ್, ಅಂದರೆ ಕಾಲು ಯೂರೊ, ಠೇವಣಿ. ಖಾಲಿ ವಾಪಸು ಕೊಟ್ಟರೆ ದುಡ್ಡು ವಾಪಸು. ಈ ಪದ್ಧತಿ 2003ರಿಂದ ಇದೆ. ದೊಡ್ಡ ಊರುಗಳ ರೈಲ್ವೆ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಕೈ ಹಾಕಿ ಬಾಟಲಿ ಆಯುವ ವಯಸ್ಸಾದವರು, ಪೆನ್ಷನ್ ಸಾಲದವರು ಇದ್ದಾರೆ ಅಂತ ಮಿಸ್ ಹೇಳಿದಾಗ ಕ್ಲಾಸು ನಂಬಲಿಲ್ಲ. ಗುಜರಿ ಆಯುವವರು ಅಲ್ಲೂ ಇದ್ದಾರಾ? ತಾನೇ ರಜೆಯಲ್ಲಿ ಅಜ್ಜನ ಜೊತೆ ಗುಜರಿ ಗಾಡಿಯ ಹಿಂದೆ ಹೋಗುವ ಒಬ್ಬ ಹುಡುಗನಿದ್ದ. ಅವನು ಕೇಳಿದ್ದು ಒಂದೇ ಮಾತು: “ಒಂದ್ ಬಾಟ್ಲಿಗೆ ನಮ್ ದುಡ್ಡಲ್ಲಿ ಎಷ್ಟ್ ಮಿಸ್?” ಆ ಪ್ರಶ್ನೆಗೆ ಮಿಸ್ ತಕ್ಷಣ ರೂಪಾಯಿಗೆ ಗುಣಿಸಿಬಿಟ್ಟರು. ಅದು ತಪ್ಪಾಯಿತು, ಯಾಕೆ ಅಂತ ಕೂಲಿಯ ಲೆಕ್ಕದಲ್ಲಿ ಬರುತ್ತದೆ.

ಹೋಮ್ ಅಂದರೆ ಮನೆ?

ಮಿಸ್ ಇಂಗ್ಲಿಷಿನಲ್ಲಿ ಹೇಳುವುದು, ಸಹಶಿಕ್ಷಕಿ ಕನ್ನಡಕ್ಕೆ ತರುವುದು, ಹೀಗೆ ಮೊದಲ ತಿಂಗಳುಗಳು ನಡೆದವು. ಒಂದು ದಿನ ಮಿಸ್ ತಮ್ಮ ಅಜ್ಜಿ ‘ಹೋಮ್’ನಲ್ಲಿದ್ದಾರೆ ಅಂದರು. ಸಹಶಿಕ್ಷಕಿ ‘ಅಜ್ಜಿ ಮನೇಲಿದ್ದಾರೆ’ ಅಂದರು. ಮಕ್ಕಳಿಗೆ ಸಂತೋಷವಾಯಿತು. ಆರು ವಾರದ ಮೇಲೆ ಫೋಟೊ ಒಂದರಲ್ಲಿ ಉದ್ದನೆಯ ಓಣಿ, ಗಾಲಿಕುರ್ಚಿ, ಸಮವಸ್ತ್ರದ ನರ್ಸು ಕಂಡಾಗ ಅದು ವೃದ್ಧಾಶ್ರಮ ಅಂತ ತಿಳಿಯಿತು. ‘ಮಿಸ್ ಸುಳ್ಳು ಹೇಳಿದ್ರು’ ಎಂಬ ಮಾತು ಹಾಸ್ಟೆಲ್ ತುಂಬ ಹರಡಿತು. ನಿಜವಾಗಿ ತಪ್ಪಿದ್ದು ಒಂದು ಪದ.

ಅನುವಾದಿಸುವ ಟೀಚರಿಗೆ ಇದರಿಂದ ಎರಡು ಕೆಲಸ ಬಂತು. ಪಾಠಕ್ಕೆ ಮೊದಲು ಹತ್ತು ನಿಮಿಷ ಇಬ್ಬರೂ ಕೂತು, ಮನೆ, ಕುಟುಂಬ, ಊಟ, ಧರ್ಮ, ದುಡ್ಡು ಇವಕ್ಕೆ ಸಂಬಂಧಪಟ್ಟ ಪದಗಳನ್ನು ಗುರುತು ಮಾಡಿಕೊಳ್ಳುವುದು. ಎರಡನೆಯದು, ಮಕ್ಕಳಿಗೆ ನೋವಾಗುತ್ತೆ ಅಂತ ವಿಷಯವನ್ನು ಮೆತ್ತಗೆ ಮಾಡದಿರುವುದು. ವೃದ್ಧಾಶ್ರಮದ ಮಾತು ಬಂದಾಗ ಮಿಸ್ ಸಮರ್ಥನೆಗೆ ಇಳಿಯಲಿಲ್ಲ. ಅಲ್ಲಿ ನೋಡಿಕೊಳ್ಳುವ ನರ್ಸುಗಳಿದ್ದಾರೆ, ಭಾನುವಾರ ಮಕ್ಕಳು ಹೋಗುತ್ತಾರೆ, ಅಜ್ಜಿಗೆ ಬೇಸರವೂ ಆಗುತ್ತದೆ ಎಂದರು. ಅಷ್ಟರಲ್ಲೇ ಒಬ್ಬಳು “ನಮ್ಮಜ್ಜಿ ಮನೇಲೇ ಇದ್ರೂ ಯಾರೂ ಮಾತಾಡ್ಸಲ್ಲ ಮಿಸ್” ಅಂದಳು. ತರಗತಿ ಅಲ್ಲಿಂದ ಬೇರೆ ಕಡೆ ಹೊರಳಿತು, ಹೊರಳಲು ಬಿಟ್ಟದ್ದೇ ಒಳ್ಳೆಯದಾಯಿತು.

ಚಿಕ್ಕ ಮಾತುಗಳೂ ಹೀಗೇ ಕೈಕೊಡುತ್ತವೆ. ಮಕ್ಕಳು “ಊಟ ಆಯ್ತಾ ಮಿಸ್?” ಅಂದರೆ ಮಿಸ್ ಗಡಿಯಾರ ನೋಡಿ ನಿಜ ಹೇಳುತ್ತಿದ್ದರು: ಇಲ್ಲ. ಅಷ್ಟಕ್ಕೇ ಮಕ್ಕಳಿಗೆ ಗಾಬರಿ. ಇವರು ಉಪವಾಸ ಇದ್ದಾರೆ. ಅತ್ತ ಮಿಸ್, ನೋಟ್‌ಬುಕ್ ಎತ್ತಿಕೊಟ್ಟರೂ ಥ್ಯಾಂಕ್ಸ್, ಬಾಗಿಲು ತೆಗೆದರೂ ಥ್ಯಾಂಕ್ಸ್ ಅನ್ನುವುದು ಮಕ್ಕಳಿಗೆ ದೂರ ಇಟ್ಟ ಹಾಗೆ ಕೇಳಿಸುತ್ತಿತ್ತು. ನಮ್ಮ ಮನೆಗಳಲ್ಲಿ ಅವ್ವನಿಗೆ ಥ್ಯಾಂಕ್ಸ್ ಹೇಳುವವರು ಯಾರು?

ರಾತ್ರಿಯ ಒಲೆಗೂ ಉತ್ತರ ಬೇಕಿತ್ತು. ಅವರ ಸೀಮೆಯಲ್ಲಿ ಬಿಸಿ ಅಡುಗೆ ಮಧ್ಯಾಹ್ನಕ್ಕೆ. ಸಂಜೆ ಬ್ರೆಡ್ಡು, ಚೀಸು, ಸೌತೆಕಾಯಿ ಹೆಚ್ಚಿ ಮೇಜಿನ ಮೇಲಿಟ್ಟು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುವ ಪದ್ಧತಿ ಹಳೆಯದು. ಆ ಬ್ರೆಡ್ಡು ನಮ್ಮ ಬೇಕರಿಯ ಬಿಳಿ ಸ್ಪಂಜಲ್ಲ. ರೈ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಸುಟ್ಟದ್ದು, ಕಲ್ಲಿನ ಹಾಗೆ ಭಾರ, ನಾಲ್ಕೈದು ದಿನ ಕೆಡುವುದಿಲ್ಲ. ಒಂದು ಕಾಲಕ್ಕೆ ಅಲ್ಲಿ ಬಿಳಿ ಗೋಧಿ ಬ್ರೆಡ್ಡು ಉಳ್ಳವರ ಮನೆಯದು, ರೈ ಬಡವರದು. ಈ ಮಾತು ಕೇಳಿದಾಗ ಹಿಂದಿನ ಬೆಂಚಿನಿಂದ ಬಂತು: “ನಮ್ ರಾಗಿ ಥರ.” ಮುದ್ದೆಗೆ ನಾಚುವ ಮಕ್ಕಳ ವಿಷಯದಲ್ಲಿ ಯಾವ ಬುದ್ಧಿವಾದಕ್ಕೂ ಆಗದ ಕೆಲಸವನ್ನು ಆ ಮೂರು ಪದ ಮಾಡಿದವು.

ಬೀಟ್, ಕಬ್ಬು, ಸುಣ್ಣ

ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಸಕ್ಕರೆ. ಮಂಡ್ಯದ ಮಕ್ಕಳಿಗೆ ಸಕ್ಕರೆಯ ಬಗ್ಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇದೆ, ಕನ್ನಂಬಾಡಿ ಕಟ್ಟೆಯ ನಾಲೆ ಇದೆ, ಆಲೆಮನೆ ಊರೂರಿಗೂ ಇದೆ. ಕಬ್ಬಿಲ್ಲದ ದೇಶದವರು ಸಕ್ಕರೆ ಎಲ್ಲಿಂದ ತರುತ್ತಾರೆ ಅಂತ ಕೇಳಿದರೆ ಅವರೆಲ್ಲರದೂ ಒಂದೇ ಉತ್ತರ: ‘ನಮ್ಮಿಂದ.’

ಮಿಸ್ ಹಳ್ಳಿಯ ಸುತ್ತ ಬೆಳೆಯುವುದು ಸಕ್ಕರೆ ಬೀಟ್. ಬಿಳಿ ಗೆಡ್ಡೆ, ಮೂಲಂಗಿಗಿಂತ ದಪ್ಪ, ಒಂದೊಂದು ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುತ್ತದೆ. ಅದರಲ್ಲಿ ನೂರಕ್ಕೆ 16ರಿಂದ 18 ಭಾಗ ಸಕ್ಕರೆ. ಬೀಟಿನೊಳಗೆ ಕಬ್ಬಿನದೇ ಸಕ್ಕರೆ ಇದೆ ಅಂತ 1747ರಲ್ಲಿ ತೋರಿಸಿದವರು ಬರ್ಲಿನ್‌ನ ಆಂಡ್ರಿಯಾಸ್ ಮಾರ್ಗ್‌ಗ್ರಾಫ್. ವಸಂತದಲ್ಲಿ ಬಿತ್ತಿ, ಸೆಪ್ಟೆಂಬರಿನಿಂದ ಕೀಳುತ್ತಾರೆ. ಕಾರ್ಖಾನೆ ಜನವರಿಯವರೆಗೆ ಹಗಲು ರಾತ್ರಿ ಓಡುತ್ತದೆ. ರಸ್ತೆ ತುಂಬ ಬೀಟ್ ಹೇರಿದ ಟ್ರ್ಯಾಕ್ಟರು, ಕಾರ್ಖಾನೆ ಮುಂದೆ ಸಾಲು, ತೂಕದಲ್ಲಿ ಮಣ್ಣಿಗೆಷ್ಟು ಕಳೆದರು ಅಂತ ರೈತರ ತಕರಾರು. ಈ ಫೋಟೊ ನೋಡಿದಾಗ ಮಕ್ಕಳಿಗೆ ವಿವರಣೆ ಬೇಕಾಗಲಿಲ್ಲ. ಕಟಾವಿನ ಕಾಲದಲ್ಲಿ ಎತ್ತಿನ ಗಾಡಿ, ಲಾರಿ ಸಾಲುಗಟ್ಟಿ ನಿಂತದ್ದನ್ನು ಅವರು ದಿನಾ ದಾಟಿ ಬರುವವರು. ‘ಯಾರೂ ಗದ್ದೆಗೆ ಹೋಗಲ್ಲ’ ಎಂಬ ಸಾಲನ್ನು ಅವರೇ ಹಾಳೆಯಲ್ಲಿ ಹೊಡೆದುಹಾಕಿದರು.

ಆಮೇಲೆ ಕೈಯಿಂದ ಮಾಡಿ ನೋಡುವ ಕೆಲಸ. ಸಕ್ಕರೆ ಬೀಟ್ ನಮ್ಮ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ, ಅದರ ಒಡಹುಟ್ಟು ಕೆಂಪು ಬೀಟ್ರೂಟ್ ಸಿಗುತ್ತದೆ; ಸಕ್ಕರೆ ಅದರಲ್ಲಿ ಅರ್ಧದಷ್ಟು. ಒಂದು ಕಿಲೋ ಬೀಟ್ರೂಟ್ ತೊಳೆದು, ಸಿಪ್ಪೆ ತೆಗೆದು, ತುರಿಮಣೆಯಲ್ಲಿ ತುರಿಯಬೇಕು. ಒಂದು ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಬೇಕು; ಕುದಿ ಬರಿಸಬಾರದು, ಬೆರಳಿಗೆ ತಡೆಯಲಾರದಷ್ಟು ಬಿಸಿ ಸಾಕು. ಕಾರ್ಖಾನೆಯಲ್ಲಿ ಬೀಟಿನ ಎಳೆಗಳನ್ನು ಸುಮಾರು 70 ಡಿಗ್ರಿ ನೀರಿನಲ್ಲಿ ನೆನೆಸುತ್ತಾರೆ; ಅದಕ್ಕಿಂತ ಹೆಚ್ಚು ಬೆಂದರೆ ಗೆಡ್ಡೆ ಪೇಸ್ಟಾಗಿ ರಸ ಬಿಡುವುದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಿ, ಆ ರಸವನ್ನು ಅಗಲ ಬಾಣಲೆಯಲ್ಲಿ ಇಂಗಿಸಿದರೆ ಕೊನೆಗೆ ನೂರು ಗ್ರಾಂ ಆಸುಪಾಸಿನ ಕಪ್ಪುಕೆಂಪು ಪಾಕ. ಕೊನೆಯ ಹತ್ತು ನಿಮಿಷ ಸೌಟು ಬಿಡಬಾರದು, ತಳ ಹಿಡಿದರೆ ಕಹಿ. ಮೊದಲ ಸಲ ತಳ ಹಿಡಿಯಿತು, ಬಿಸಿಯೂಟದ ಅಡುಗೆಯವರೇ ಎರಡನೇ ಸಲ ಮುಂದೆ ನಿಂತು ಮಾಡಿಸಿದರು. ಬಂದ ಪಾಕ ಸಿಹಿ, ಆದರೆ ಮಳೆ ಬಿದ್ದ ಮಣ್ಣಿನ ವಾಸನೆ. ಮಕ್ಕಳ ಮುಖ ಕಿವುಚಿತು.

“ಇದಕ್ಕೆ ಸುಣ್ಣ ಹಾಕ್ಬೇಕಿತ್ತು” ಅಂದವಳು ಆಲೆಮನೆಯವರ ಮನೆಯ ಹುಡುಗಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಸುಣ್ಣದ ತಿಳಿ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕುತ್ತಾರೆ, ಕೊಳೆ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆಯುತ್ತಾರೆ. ಜರ್ಮನಿಯ ಬೀಟ್ ಕಾರ್ಖಾನೆಯಲ್ಲೂ ರಸಕ್ಕೆ ಸುಣ್ಣವೇ. ಆಮೇಲೆ ಇಂಗಾಲದ ಡೈ ಆಕ್ಸೈಡ್ ಹಾಯಿಸಿ ಸುಣ್ಣವನ್ನು ಕೊಳೆಯ ಸಮೇತ ಕೆಳಗಿಳಿಸುತ್ತಾರೆ. ಅದು ಮಿಸ್‌ಗೇ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಕೇಳಿ ಮರುದಿನ ಬಂದು “ಅವಳು ಹೇಳಿದ್ದು ಸರಿ” ಅಂದರು. ಮಿಸ್ ಊರಿನ ಒಂದು ಸಂಗತಿಯನ್ನು ಮಂಡ್ಯದ ಹನ್ನೆರಡು ವರ್ಷದ ಹುಡುಗಿ ಮಿಸ್‌ಗೇ ಹೇಳಿಕೊಟ್ಟ ದಿನ ಅದು. ಇಂಥ ಒಂದು ದಿನ ಬರುವ ಹಾಗೆ ಪಾಠ ಹೂಡುವುದು ಸಾಧ್ಯ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಕಸುಬಿನಿಂದ ಶುರು ಮಾಡಬೇಕು.

ಬೆಳಕಿನ ಪಾಠವೂ ಹೀಗೇ ಸಲೀಸಾಗಿ ಹೋಯಿತು. 24 ಸೆಂ.ಮೀ. ಉದ್ದದ ಕಾಗದದ ಪಟ್ಟಿ, ಗಂಟೆಗೆ ಒಂದು ಸೆಂಟಿಮೀಟರ್, ರಾತ್ರಿಗೆ ಕಪ್ಪು ಬಣ್ಣ. ಡಿಸೆಂಬರ್ ಕೊನೆಯಲ್ಲಿ ಹೈಲ್‌ಬ್ರಾನ್‌ನಲ್ಲಿ ಎಂಟೂಕಾಲಿಗೆ ಹುಟ್ಟಿದ ಸೂರ್ಯ ನಾಲ್ಕೂವರೆಗೆ ಮುಳುಗುತ್ತಾನೆ. ಬಿಳಿ ಉಳಿಯುವುದು ಎಂಟು ಸೆಂ.ಮೀ. ಮಂಡ್ಯದಲ್ಲಿ ಹನ್ನೊಂದೂಕಾಲು ದಾಟುತ್ತದೆ. ಜೂನ್‌ನಲ್ಲಿ ಅಲ್ಲಿ ಹದಿನಾರು. ಆಗ ಮಂಜೂ ಇಲ್ಲ, ಬಿಸಿಲಿಗೆ ಜನ ಹೊಳೆಗೆ ಬೀಳುತ್ತಾರೆ.

ಕೂಲಿಯ ಲೆಕ್ಕ

ಯೂರೊವನ್ನು ರೂಪಾಯಿಗೆ ಗುಣಿಸಿದರೆ ಏನಾಗುತ್ತದೆ? 25 ಸೆಂಟಿನ ಬಾಟಲಿ ಇಪ್ಪತ್ತೈದು ರೂಪಾಯಿ ಆಗುತ್ತದೆ, ಗುಜರಿ ಆಯುವವರೂ ಅಲ್ಲಿ ಶ್ರೀಮಂತರಾಗುತ್ತಾರೆ. ಅದನ್ನು ಬಿಟ್ಟು ‘ಎಷ್ಟು ಹೊತ್ತಿನ ಕೂಲಿ?’ ಅಂತ ಕೇಳಬೇಕು. 2025ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ ಇತ್ತು. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆ ಅಂತ ಹಿಡಿದರೆ ಗಂಟೆಗೆ 46. ಬೋರ್ಡಿನ ಮೇಲೆ ಎರಡು ಕಾಲಂ.

ಬೇಕರಿಯ ಒಂದು ಕಿಲೋ ಬ್ರೆಡ್ಡು ಸುಮಾರು ನಾಲ್ಕೂವರೆ ಯೂರೊ, 21 ನಿಮಿಷದ ಕೂಲಿ. ಇಲ್ಲಿ ಕಿಲೋ ರಾಗಿ 45 ರೂಪಾಯಿ ಅಂತ ಹಿಡಿದರೆ ಹತ್ತಿರ ಹತ್ತಿರ ಒಂದು ಗಂಟೆ. ಗಂಡಸರ ಕ್ಷೌರ ಅಲ್ಲಿ 28 ಯೂರೊ, ಎರಡು ಗಂಟೆ ಹತ್ತು ನಿಮಿಷ. ಇಲ್ಲಿ ನೂರು ರೂಪಾಯಿ, ಅದೂ ಎರಡು ಗಂಟೆ ಹತ್ತು ನಿಮಿಷ. ಮಕ್ಕಳು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದರು. ಸಾಧಾರಣ ಮೊಬೈಲ್ 200 ಯೂರೊ, ಅಲ್ಲಿ ಎರಡು ದಿನದ ದುಡಿಮೆ. ಇಲ್ಲಿ ಇಪ್ಪತ್ತು ಸಾವಿರ, 54 ದಿನ. ಅಲ್ಲಿ ಸಣ್ಣ ಮನೆಯ ಬಾಡಿಗೆ 800 ಯೂರೊ, 62 ಗಂಟೆ. ಊರೂರು ತಿರುಗುವ ತಿಂಗಳ ಬಸ್ಸು, ರೈಲು ಪಾಸು 2025ರಲ್ಲಿ 58 ಯೂರೊ ಇತ್ತು, ನಾಲ್ಕೂವರೆ ಗಂಟೆ. ಇಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಈ ಸಾಲು ಬರೆದಾಗ ಹುಡುಗಿಯರು ಚಪ್ಪಾಳೆ ಹೊಡೆದರು.

ಜರ್ಮನಿ ಶ್ರೀಮಂತ ದೇಶವಲ್ಲ ಅಂತ ಹೇಳುವುದು ಸುಳ್ಳು, ಮೊಬೈಲಿನ ಸಾಲೇ ಅದನ್ನು ಹೇಳುತ್ತದೆ. ಮಕ್ಕಳಿಗೆ ಸಮಾಧಾನ ಆಗಲಿ ಅಂತ ಅಂತರವನ್ನು ಮುಚ್ಚಬಾರದು. ಎಲ್ಲಿ ಅಂತರವಿದೆ, ಎಲ್ಲಿ ಇಲ್ಲ, ಎಲ್ಲಿ ತಿರುಗಿಬಿದ್ದಿದೆ ಅಂತ ಅವರೇ ಅಳೆದು ನೋಡಲಿ.

ಜಾತಿ, ದೇವರು

ಒಂದು ಹಳೇ ಷೂ ಡಬ್ಬಕ್ಕೆ ಸೀಳು ಮಾಡಿ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದರು. ಶುಕ್ರವಾರ ಮೂರು ಚೀಟಿ ತೆಗೆಯುವುದು, ಮೂರಕ್ಕೆ ಮಾತ್ರ ಉತ್ತರ. ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ, ಇವು ಬೇಗ ಮುಗಿದವು. ಜಾತಿ ಮುಗಿಯಲಿಲ್ಲ.

“ನಮ್ಮಲ್ಲಿ ಜಾತಿ ಇಲ್ಲ” ಎಂಬುದು ಮಿಸ್ ಕೊಟ್ಟ ಮೊದಲ ಉತ್ತರ. ಸರಿಯೇ. ಆದರೆ ದಲಿತ ಕೇರಿಯಿಂದ ಬರುವ ಮಗು ಅದನ್ನು ಕೇಳಿಸಿಕೊಳ್ಳುವುದು ಸ್ವರ್ಗದ ವರ್ಣನೆಯ ಹಾಗೆ. ಮುಂದಿನ ವಾರ ಇನ್ನೊಂದು ಎಡವಟ್ಟು: ಷ್ನೈಡರ್ ಅಂದರೆ ದರ್ಜಿ, ಷ್ಮಿಟ್ ಅಂದರೆ ಕಮ್ಮಾರ, ಮ್ಯೂಲರ್ ಅಂದರೆ ಹಿಟ್ಟಿನ ಗಿರಣಿಯವನು ಅಂತ ಮಿಸ್ ಮನೆತನದ ಹೆಸರುಗಳ ಅರ್ಥ ಹೇಳಿದರು. “ಹಂಗಾದ್ರೆ ಜಾತಿ ಐತಲ್ಲ ಮಿಸ್!” ಹೆಸರು ಕಸುಬಿನದು, ಆದರೆ ಷ್ನೈಡರ್ ಮನೆಯವರು ಷ್ಮಿಟ್ ಮನೆಯಲ್ಲಿ ಉಣ್ಣುತ್ತಾರೆ, ಹೆಣ್ಣು ತರುತ್ತಾರೆ, ಡಾಕ್ಟರೂ ಆಗುತ್ತಾರೆ ಅಂತ ಬಿಡಿಸಿ ಹೇಳಬೇಕಾಯಿತು. ಅದರ ಜೊತೆಗೇ ಅಲ್ಲಿ ಬೇರೆ ಗೆರೆಗಳಿವೆ ಎಂಬುದನ್ನೂ ಹೇಳಬೇಕು. ಮಿಸ್ ರಾಜ್ಯದಲ್ಲಿ ನಾಲ್ಕನೇ ತರಗತಿಯಾದ ಮೇಲೆ, ಹತ್ತು ವರ್ಷಕ್ಕೇ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹಂಚಿಹೋಗುತ್ತಾರೆ. ಯೂನಿವರ್ಸಿಟಿಯ ದಾರಿಗೆ ಕೂಲಿಯವರ, ವಲಸೆ ಬಂದವರ ಮಕ್ಕಳು ಹೋಗುವುದು ಕಡಿಮೆ. ಟರ್ಕಿ ಮೂಲದ ಹೆಸರಿನವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ನಮ್ಮ ಮೈಸೂರಿನಲ್ಲೂ ಹೆಸರು ಕೇಳಿ ಮನೆ ಕೊಡುವವರಿದ್ದಾರೆ, ಮಕ್ಕಳಿಗೆ ಅದು ಗೊತ್ತು.

ದೇವರ ವಿಷಯಕ್ಕೆ ಕಾನೂನಿನ ಗೆರೆ ಇದೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಆದ್ದರಿಂದ ಪೆಟ್ಟಿಗೆಯ ಪ್ರಶ್ನೆಗಳಲ್ಲಿ ‘ಅಲ್ಲಿನ ಜನ ಏನು ಮಾಡುತ್ತಾರೆ’ ಎಂಬುದಕ್ಕೆ ಉತ್ತರ ಕೊಟ್ಟು, ‘ಯಾವ ದೇವರು ನಿಜ’ ಎಂಬುದನ್ನು ಮನೆಗೆ ಬಿಟ್ಟರು. ಜರ್ಮನಿಯಲ್ಲಿ ಎರಡು ದೊಡ್ಡ ಚರ್ಚುಗಳ ಸದಸ್ಯರು 2022ರ ಹೊತ್ತಿಗೇ ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದರು. ಮಿಸ್ ತಮ್ಮನೇ ಚರ್ಚು ಬಿಟ್ಟಿದ್ದಾನೆ. ಮಿಷನರಿಯ ತಮ್ಮ ಚರ್ಚಿಗೆ ಹೋಗಲ್ಲ ಎಂಬುದು ಮಕ್ಕಳಿಗೆ ಎಷ್ಟು ವಿಚಿತ್ರವಾಗಿ ಕಂಡಿತೆಂದರೆ ಎರಡು ಶುಕ್ರವಾರ ಅದೇ ಚೀಟಿ ಬಂತು. ಅದನ್ನು ಹೇಳಲು ಆ ಟೀಚರಿಗೆ ಸುಲಭವಾಗಿರಲಾರದು. ಆದರೆ ‘ಎಲ್ಲರೂ ಚರ್ಚಿಗೆ ಹೋಗುತ್ತಾರೆ’ ಎಂಬುದು ಅಳಿಸಿಹೋದದ್ದು ಆ ಉತ್ತರದಿಂದ.

ಕ್ಯಾಥೊಲಿಕ್ ಹುಡುಗನ ತೊಡಕಿಗೆ ಉತ್ತರ ಹತ್ತಿರದಲ್ಲೇ ಇತ್ತು. ತರಗತಿಯನ್ನು ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಕರೆದುಕೊಂಡು ಹೋದರು. ಅಲ್ಲಿ ಅಬ್ಬೆ ದುಬ್ವಾ ಹೆಸರಿನ ಚರ್ಚಿದೆ. ಫ್ರಾನ್ಸಿನ ಈ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದು, ಇಲ್ಲಿನವರ ಹಾಗೆ ಬಟ್ಟೆ ತೊಟ್ಟು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, 1823ರಲ್ಲಿ ವಾಪಸು ಹೋದವರು. ಚದುರಿಹೋದವರು ಇಲ್ಲೇ ಇದ್ದವರು ಎಂಬುದೇ ಮುಖ್ಯ. ಹದಿನೇಳನೇ ಶತಮಾನದ ನಡುವಿನಿಂದ ಈ ಸೀಮೆಯಲ್ಲಿ ಕ್ರೈಸ್ತ ಮನೆಗಳಿವೆ, ಜರ್ಮನಿ ಎಂಬ ದೇಶ ಒಂದಾದದ್ದು 1871ರಲ್ಲಿ. ಚರ್ಚಿನ ಆವರಣದಲ್ಲಿ ಆ ಹುಡುಗನ ದೊಡ್ಡಪ್ಪ ಮಕ್ಕಳಿಗೆ ಮುದ್ದೆ, ಹುರುಳಿ ಬಸ್ಸಾರು ಬಡಿಸಿದರು.

ಅದೇ ದಿನ ಬೃಂದಾವನವನ್ನೂ ನೋಡಿದರು. ಆ ಉದ್ಯಾನದ ವಿನ್ಯಾಸದಲ್ಲಿ ಕೈಯಿದ್ದವರು ಕೃಂಬಿಗಲ್, ಜರ್ಮನಿಯವರು, ಬೆಂಗಳೂರಿನಲ್ಲೇ 1956ರಲ್ಲಿ ತೀರಿಕೊಂಡವರು. ಕನ್ನಡದ ನಿಘಂಟು ಮಾಡಿದ ಕಿಟೆಲ್ ತೀರಿಕೊಂಡ ಟ್ಯೂಬಿಂಗನ್ ಮಿಸ್ ಊರಿಂದ ನೂರು ಕಿಲೋಮೀಟರ್ ಒಳಗೇ ಇದೆ. ಕಿಟೆಲ್ ಕಲಿತದ್ದು ಇಲ್ಲಿಯವರಿಂದ. ಆ ವಾರದಿಂದ ದಿನಕ್ಕೆ ಹದಿನೈದು ನಿಮಿಷ ಒಬ್ಬೊಬ್ಬ ಮಗು ಮಿಸ್‌ಗೆ ಐದು ಕನ್ನಡ ಪದ ಕಲಿಸುವ ಸರದಿ ಶುರುವಾಯಿತು. ಳ ಹೇಳಲು ಮಿಸ್ ಪಟ್ಟ ಪಾಡು ನೋಡಿದವರು ತಮ್ಮ ಇಂಗ್ಲಿಷ್ ಉಚ್ಚಾರಣೆಗೆ ನಾಚುವುದನ್ನು ಕಡಿಮೆ ಮಾಡಿದರು.

ಹನ್ನೆರಡು ವಾರದ ನಂತರ

ಅದೇ ಮೂರು ಪಟ್ಟಿಯ ಹಾಳೆ, ಅದೇ 40 ನಿಮಿಷ, ಮಿಸ್ ಹೊರಗೆ. ನಡುವಿನ ಪಟ್ಟಿಯಲ್ಲಿ ಈಗ ಜನ ಕೆಲಸ ಮಾಡುತ್ತಿದ್ದರು: ಮೆಟ್ಟಿಲು ಗುಡಿಸುವವರು, ಬೀಟ್ ಹೇರುವವರು, ಬಾಟಲಿ ಆಯುವವರು. ಬಲಪಟ್ಟಿಯಲ್ಲಿ ‘ಬಿಲ್ಲು ನೋಡಿದೆ’, ‘ಲೆಕ್ಕ ಮಾಡಿದೆ’ ಎಂಬ ಉತ್ತರಗಳು ಬಂದಿದ್ದವು; ‘ಒಬ್ಬ ಮಿಸ್ ಮಾತ್ರ, ಎಲ್ಲರೂ ಅಲ್ಲ’ ಅಂತ ಒಬ್ಬಳು ಎಡಗೈ ಬರವಣಿಗೆಯ ಎದುರು ಬರೆದಿದ್ದಳು. ಬದಲಾಗದೆ ಉಳಿದದ್ದೂ ಇದೆ. ಬಿಡಿಸಿದ ಚಿತ್ರಗಳಲ್ಲಿ ಎಲ್ಲರ ಕೂದಲೂ ಹಳದಿಯೇ. ಮಂಜು ಕಡಿಮೆಯಾಗಿದೆ, ಹೋಗಿಲ್ಲ. ಮುದ್ದೆಯ ನಾಚಿಕೆ ಮೂರು ಮಕ್ಕಳಲ್ಲಿ ಹಾಗೇ ಇದೆ, ಅದು ಮಿಸ್‌ಗಿಂತ ಮೊದಲೇ ಬೇರೆ ಎಲ್ಲಿಂದಲೋ ಬಂದದ್ದು ಅಂತ ಈಗ ಕಾಣುತ್ತಿದೆ. ಅದಕ್ಕೆ ಬೇರೆಯೇ ಕೆಲಸ ಬೇಕು.

ಎರಡೂ ಸಲದ 62 ಹಾಳೆಗಳನ್ನು ಕಟ್ಟಿ ಎಚ್.ಎಂ. ಬೀರುವಿನಲ್ಲಿ ಇಟ್ಟಿದ್ದಾರೆ. ಮುಂದಿನ ಟೀಚರ್ ಬಂದ ದಿನ, ಅವರು ಪೆಟ್ಟಿಗೆ ಬಿಚ್ಚುವ ಮೊದಲೇ, ಸಹಶಿಕ್ಷಕಿಯ ಜೊತೆ ಕೂರಿಸಿ ಇವನ್ನು ಓದಿಸುವುದು ಅಂತ ತೀರ್ಮಾನವಾಗಿದೆ.